ಅಂಗೈಯೊಳಗಣ ಸಭೆಯೂ ನಮ್ಮ ಶಾಲೆಗಳ ಕರ್ತವ್ಯವೂ

(ಮಠದ ಮಹೋತ್ಸವದ ಅಂಗವಾಗಿ ಸಂಕೇಶ್ವರದಲ್ಲಿ ಶಿಕ್ಷಕರ ಹಾಗೂ ಪಾಲಕರ ಸಮ್ಮುಖದಲ್ಲಿ ಮಾಡಿದ ಭಾಷಣ)



ಇಂತಹ ಮಂಗಲ ಪ್ರಸಂಗಗಳಲ್ಲಿ ಧರ್ಮ, ಸಾಹಿತ್ಯ, ಇತಿಹಾಸಗಳ ವಿಷಯವಾಗಿ ನುಡಿಯುವದು ವಾಡಿಕೆ. ಇಂದು ನನಗೆ ಒಪ್ಪಿಸಿದ ವಿಷಯವಾದರೋ ಅವೆಲ್ಲವುಗಳಿಗಿಂತ ಭಿನ್ನವಾದುದು. ಹೆಣ್ಣೆಂಬ ಒಂದೇ ಕಾರಣದಿಂದ ಅಂತರ್ಜಾಲದಲ್ಲಿ ನಡೆಯುವ ಹಿಂಸೆಯನ್ನು ನಮ್ಮ ಹದಿಹರೆಯದ ಮಕ್ಕಳು ಎಷ್ಟರಮಟ್ಟಿಗೆ ಅರಿತಿರುವರು, ಅದನ್ನು ತಡೆಯುವಲ್ಲಿ ಶಾಲೆಗಳು ಏನು ಮಾಡಬಲ್ಲವು, ಎಂಬುದೇ ಆ ವಿಷಯ. ನಾನು ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದವನು, ಯಂತ್ರವಿದ್ಯೆಯಲ್ಲಿ ಪಂಡಿತನಲ್ಲ. ಆದರೆ ಹಿಂಸೆಯು ಯಂತ್ರದ ದ್ವಾರದಿಂದ ಬಂದರೂ ಮಾಡುವವರು ಮನುಷ್ಯರು, ಅನುಭವಿಸುವವರು ಮನುಷ್ಯರು, ಸುತ್ತಲೂ ನಿಂತು ನೋಡುವವರೂ ಮನುಷ್ಯರೇ. ಆದುದರಿಂದ ಇದು ಮೊದಲು ನೀತಿಯ ವಿಷಯ, ಅನಂತರ ಯಂತ್ರದ ವಿಷಯ. ಆ ಧೈರ್ಯದಿಂದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುವೆನು.

ಈ ಯಂತ್ರವು ಮಕ್ಕಳ ಕೈಗೆ ಬಂದುದು ಹೇಗೆ ಎಂಬುದನ್ನು ಮೊದಲು ನೆನೆಯಬೇಕು. 2020ರ ಮಾರ್ಚದಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದವು. ಪಾಠವು ಮೊಬಾಯಿಲಿನಲ್ಲಿ ನಡೆಯತೊಡಗಿತು. ಅಲ್ಲಿಯವರೆಗೆ ಮಕ್ಕಳಿಗೆ ಅದನ್ನು ಮುಟ್ಟಗೊಡದ ತಂದೆತಾಯಿಗಳು ಕಬ್ಬಿನ ಬಿಲ್ಲಿನ ಹಣದಲ್ಲಿಯೋ ಸಾಲ ಮಾಡಿಯೋ ಒಂದೊಂದನ್ನು ಕೊಂಡುಕೊಟ್ಟರು. ಅದು ವಿದ್ಯೆಯ ಮೇಲಿನ ಪ್ರೀತಿಯಿಂದ ಆದ ಕಾರ್ಯ, ಅದರಲ್ಲಿ ದೋಷವಿಲ್ಲ. ಶಾಲೆಗಳು ಮರಳಿ ತೆರೆದವು. ಯಂತ್ರವು ಮಾತ್ರ ಮಕ್ಕಳ ಕೈಯಲ್ಲಿಯೇ ಉಳಿಯಿತು. ಅದನ್ನು ಬಳಸುವ ವಿವೇಕವನ್ನು ಕಲಿಸುವ ಪಾಠವು ಅದರ ಜೊತೆಗೆ ಬರಲಿಲ್ಲ.

ನಮ್ಮ ಹುಕ್ಕೇರಿ ಸೀಮೆಯ ಹಿರಿಯರಿಗೆ ಇದಕ್ಕೊಂದು ಉಪಮೆ ಸುಲಭವಾಗಿ ತಿಳಿಯುವದು. 1969ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪನೆಯಾಗಿ ಹಳ್ಳಿಹಳ್ಳಿಗೂ ವಿದ್ಯುತ್ತಿನ ತಂತಿಗಳು ಬಂದವು. ತಂತಿಯ ಜೊತೆಗೆ ಕೆಲವು ತಿಳಿವಳಿಕೆಗಳೂ ಬಂದವು. ಹಸಿಗೈಯಿಂದ ಗುಂಡಿ ಒತ್ತಬಾರದು, ಹರಿದುಬಿದ್ದ ತಂತಿಯನ್ನು ಮುಟ್ಟಬಾರದು, ತಂತಿಗೆ ಸಿಕ್ಕವನನ್ನು ಒಣ ಕಟ್ಟಿಗೆಯಿಂದ ಬಿಡಿಸಬೇಕು, ಎಂಬಿವುಗಳನ್ನು ಅಕ್ಷರವರಿಯದ ಒಕ್ಕಲಿಗನೂ ಕಲಿತನು. ವಿದ್ಯುತ್ತಿಗೆ ಹೆದರಿ ದೀಪವನ್ನೇ ಬೇಡವೆಂದವರಿಲ್ಲ. ತಂತಿಗೆ ಸಿಕ್ಕು ಬಿದ್ದವನನ್ನು ನೋಡಿ ‘ನೀನೇಕೆ ಮುಟ್ಟಿದೆ’ ಎಂದು ಬೈಯುತ್ತ ನಿಂತವರೂ ಇಲ್ಲ, ಮೊದಲು ಬಿಡಿಸಿದರು. ಅಂತರ್ಜಾಲದ ವಿಷಯದಲ್ಲಿ ನಾವು ಇದಕ್ಕೆ ತೀರ ವಿಪರೀತವಾಗಿ ನಡೆಯುತ್ತಿದ್ದೇವೆ. ತಿಳಿವಳಿಕೆಯನ್ನು ಕೊಡುವದಿಲ್ಲ, ಸಿಕ್ಕಿಬಿದ್ದ ಮಗುವನ್ನು ಬೈಯುತ್ತೇವೆ.

ಇನ್ನು ಈ ಹಿಂಸೆಯ ಸ್ವರೂಪವೇನೆಂಬುದನ್ನು ನೋಡೋಣ. ದೇಹಕ್ಕೆ ಪೆಟ್ಟಾಗದಿದ್ದರೆ ಅದು ಹಿಂಸೆಯೇ ಅಲ್ಲವೆಂದು ತಿಳಿಯುವವರು ಬಹಳ. ಮಕ್ಕಳೂ ಹಾಗೆಯೇ ತಿಳಿಯುತ್ತಾರೆ. ಅದಕ್ಕೆ ‘ಚೇಷ್ಟೆ’ ಎಂದು ಹೆಸರಿಡುತ್ತಾರೆ. ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿನಿಯ ಚಿತ್ರವನ್ನು ಅವಳಿಗೆ ತಿಳಿಯದಂತೆ ತೆಗೆದು ಗೆಳೆಯರ ಗುಂಪಿಗೆ ಕಳಿಸಿ ಅಸಭ್ಯ ಮಾತುಗಳನ್ನು ಸೇರಿಸುವದು. ಅವಳ ಹೆಸರಿನಿಂದ ಸುಳ್ಳು ಖಾತೆಯನ್ನು ತೆರೆಯುವದು. ಬೇಡವೆಂದರೂ ದಿನವಿಡೀ ಸಂದೇಶಗಳನ್ನು ಕಳಿಸಿ ಕಾಡುವದು. ವಿಶ್ವಾಸದಿಂದ ಕೊಟ್ಟ ಚಿತ್ರವನ್ನು ಮುಂದಿಟ್ಟು ‘ನಾನು ಹೇಳಿದಂತೆ ಕೇಳದಿದ್ದರೆ ಎಲ್ಲರಿಗೂ ಕಳಿಸುವೆನು’ ಎಂದು ಬೆದರಿಸುವದು. ಕೃತಕ ಬುದ್ಧಿಯ ಯಂತ್ರದಿಂದ ಅವಳ ಮುಖವನ್ನು ಪರದೇಹಕ್ಕೆ ಜೋಡಿಸಿ ಅಶ್ಲೀಲ ಚಿತ್ರವನ್ನು ನಿರ್ಮಿಸುವದು. ಇವೆಲ್ಲವೂ ಹಿಂಸೆಯೇ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಹುಡುಗಿಯ ವೇಷದಿಂದ ಸ್ನೇಹ ಬೆಳೆಸಿ, ಚಿತ್ರಗಳನ್ನು ಪಡೆದು, ಹಣಕ್ಕಾಗಿ ಪೀಡಿಸುವ ವಂಚಕರ ಕೈಗೆ ಬಾಲಕರು ಸಿಕ್ಕುತ್ತಾರೆ. ಆದರೂ ಭಾರದ ಬಹುಭಾಗವನ್ನು ಹೊರುತ್ತಿರುವವರು ಹೆಣ್ಣುಮಕ್ಕಳೇ. 2020ರಲ್ಲಿ ಪ್ಲಾನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯು ಅನೇಕ ದೇಶಗಳ 15ರಿಂದ 25 ವರ್ಷದ 14,000 ಮಂದಿ ಯುವತಿಯರನ್ನು ವಿಚಾರಿಸಿದಾಗ, ನೂರಕ್ಕೆ 58 ಮಂದಿ ತಾವು ಅಂತರ್ಜಾಲದಲ್ಲಿ ಇಂತಹ ಪೀಡೆಯನ್ನು ಅನುಭವಿಸಿರುವದಾಗಿ ಹೇಳಿದರು.

ಸಜ್ಜನರೇ, ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ ಇರುವದು. ಈ ಹಿಂಸೆಯು ಒಬ್ಬನಿಂದ ಪೂರ್ಣವಾಗುವದಿಲ್ಲ. ಅದಕ್ಕೊಂದು ಸಭೆ ಬೇಕು. ಯಾರೂ ನೋಡದ, ಯಾರೂ ಮುಂದಕ್ಕೆ ಕಳಿಸದ ಚಿತ್ರಕ್ಕೆ ಮಾನವನ್ನು ಕಳೆಯುವ ಶಕ್ತಿಯಿಲ್ಲ. ಮಹಾಭಾರತದ ಸಭಾಪರ್ವವನ್ನು ನೆನೆಯಿರಿ. ದ್ರೌಪದಿಯ ಸೀರೆಗೆ ಕೈಯಿಕ್ಕಿದವನು ದುಃಶಾಸನನೊಬ್ಬನೇ. ಆದರೆ ಆ ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು, ಶಸ್ತ್ರಶಾಸ್ತ್ರಗಳನ್ನು ಬಲ್ಲ ಎಷ್ಟೋ ಜನರಿದ್ದರು. ಅವಳು ಕೇಳಿದ ಪ್ರಶ್ನೆಗೆ ಉತ್ತರವು ಹೊರಡಲಿಲ್ಲ. ವಿದುರನನ್ನು ಬಿಟ್ಟರೆ ಅಂದು ಎದ್ದು ನಿಂತು ‘ಇದು ಅಧರ್ಮ’ ಎಂದವನು ವಿಕರ್ಣನು. ಅವನು ಯಾರು? ದುರ್ಯೋಧನನ ತಮ್ಮನು, ತಪ್ಪು ಮಾಡಿದವರ ಪಕ್ಷದಲ್ಲಿಯೇ ಹುಟ್ಟಿ ಬೆಳೆದವನು, ವಯಸ್ಸಿನಲ್ಲಿ ಕಿರಿಯನು. ಕರ್ಣನು ಅವನನ್ನು ಬಾಲಕನೆಂದು ಹೀಯಾಳಿಸಿ ಕುಳ್ಳಿರಿಸಿದನು. ಇಂದು ಪ್ರತಿಯೊಂದು ಮೊಬಾಯಿಲಿನಲ್ಲಿಯೂ ಒಂದು ಸಭೆ ಕೂಡಿರುವದು. ಹತ್ತು ಹುಡುಗರ ಗುಂಪಿನಲ್ಲಿ ಒಂದು ಚಿತ್ರ ಬಂದಾಗ, ಒಬ್ಬನು ಕಳಿಸಿದವನು, ಒಂಬತ್ತು ಜನ ಸಭಾಸದರು. ಆ ಒಂಬತ್ತರಲ್ಲಿ ಒಬ್ಬ ವಿಕರ್ಣನನ್ನಾದರೂ ಸಿದ್ಧಮಾಡುವದೇ ಶಾಲೆಯ ಕೆಲಸವೆಂದು ನನ್ನ ಅಭಿಪ್ರಾಯ.

ಇದು ಪುರಾಣದ ಮಾತು ಮಾತ್ರವೆಂದು ಯಾರೂ ಭಾವಿಸಬಾರದು. 2023ರ ಡಿಸೆಂಬರಿನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಹೊಸ ವಂಟಮುರಿ ಗ್ರಾಮದಲ್ಲಿ, ಮಗನು ಪ್ರೀತಿಸಿದವಳೊಡನೆ ಊರು ಬಿಟ್ಟನೆಂಬ ಕಾರಣಕ್ಕೆ, ಅವನ ತಾಯಿಯನ್ನು ಬೀದಿಗೆಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿದರು. ಕರ್ನಾಟಕದ ಉಚ್ಚ ನ್ಯಾಯಾಲಯವು ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೈಮಾಡಿದವರನ್ನಷ್ಟೇ ಅಲ್ಲ, ಸುತ್ತಲೂ ನಿಂತು ನೋಡಿದವರ ಮೌನವನ್ನೂ ಕಟುವಾಗಿ ಆಕ್ಷೇಪಿಸಿತು. ಬೀದಿಯಲ್ಲಿ ನಿಂತು ನೋಡಿದವರಿಗೂ, ಹಾಸಿಗೆಯಲ್ಲಿ ಮಲಗಿ ಮೊಬಾಯಿಲಿನಲ್ಲಿ ನೋಡುವವರಿಗೂ ಇರುವ ಅಂತರವು ಬಹಳವಿಲ್ಲ. ಬೀದಿಯ ಸಭೆಯು ಬೆಳಗಾದರೆ ಚದುರುವದು. ಅಂಗೈಯೊಳಗಣ ಸಭೆಯು ವರ್ಷಗಳವರೆಗೆ ಚದುರುವದಿಲ್ಲ.

ಅದರ ಮರುವರ್ಷ, 2024ರ ಏಪ್ರಿಲಿನಲ್ಲಿ, ಹಾಸನ ಜಿಲ್ಲೆಯಲ್ಲಿ ಅನೇಕ ಸ್ತ್ರೀಯರ ಮೇಲಣ ದೌರ್ಜನ್ಯದ ದೃಶ್ಯಗಳು ಪೆನ್ ಡ್ರೈವುಗಳಲ್ಲಿ ಮನೆಮನೆಗೂ ಹಂಚಲ್ಪಟ್ಟವು. ಆ ಸ್ತ್ರೀಯರ ಮುಖಗಳನ್ನು ಮರೆಮಾಡುವ ಕನಿಕರವೂ ಹಂಚಿದವರಿಗೆ ಇರಲಿಲ್ಲ. ದೌರ್ಜನ್ಯ ಮಾಡಿದವನ ಅಪರಾಧವನ್ನು ನ್ಯಾಯಾಲಯವು ವಿಚಾರಿಸುವದು. ಆದರೆ ಕುತೂಹಲದಿಂದ ನೋಡಿ ಇನ್ನೊಬ್ಬರಿಗೆ ದಾಟಿಸಿದ ಸಾವಿರಾರು ಬೆರಳುಗಳನ್ನು ಯಾರು ವಿಚಾರಿಸುವರು? ಅಂತಹ ದೃಶ್ಯಗಳನ್ನು ಹಂಚುವದೇ ಅಪರಾಧವೆಂದು ತನಿಖಾ ತಂಡದವರು ಸಾರಿ ಹೇಳಬೇಕಾಯಿತು.

ಇನ್ನೊಂದು ದೃಷ್ಟಾಂತ. 2023ರ ನವೆಂಬರಿನಲ್ಲಿ ಕೊಡಗಿನವರಾದ ಚಿತ್ರನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಸ್ತ್ರೀಯ ದೇಹಕ್ಕೆ ಜೋಡಿಸಿದ ಸುಳ್ಳು ದೃಶ್ಯವೊಂದು ದೇಶವೆಲ್ಲ ಹಬ್ಬಿತು. ಆಗ ಅವರು ಬಹಿರಂಗವಾಗಿ ಹೇಳಿದ ಮಾತಿನ ತಾತ್ಪರ್ಯವನ್ನು ಶಿಕ್ಷಕರಾದವರು ಮನಸ್ಸಿನಲ್ಲಿಡಬೇಕು: ತಮಗೆ ಈಗ ಮನೆಯವರ, ಸ್ನೇಹಿತರ ಬೆಂಬಲವಿರುವದು, ಇದೇ ಪ್ರಸಂಗ ತಾವು ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾಗ ಒದಗಿದ್ದರೆ ಹೇಗೆ ಎದುರಿಸುತ್ತಿದ್ದೆವೋ ಊಹಿಸಲಾಗದು, ಎಂದು. 2024ರ ಜನವರಿಯಲ್ಲಿ ದಿಲ್ಲಿಯ ಪೋಲೀಸರು ಆಂಧ್ರಪ್ರದೇಶದ ಒಬ್ಬ ವಿದ್ಯಾವಂತ ಯುವಕನನ್ನು ಹಿಡಿದರು. ತನ್ನ ಪುಟಕ್ಕೆ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲೆಂದು ಅವನು ಹೀಗೆ ಮಾಡಿದನೆಂದು ಅವರು ತಿಳಿಸಿದರು. ನೋಡುವವರ ಸಂಖ್ಯೆಯೇ ಅವನಿಗೆ ಬೇಕಾದ ಲಾಭ! ಸಭೆಯೇ ಇಲ್ಲದಿದ್ದರೆ ಆ ವ್ಯಾಪಾರವೂ ಇಲ್ಲ.

ಇನ್ನು ನಮ್ಮ ಊರುಗಳ ಹೆಣ್ಣುಮಕ್ಕಳ ಸ್ಥಿತಿಯನ್ನು ವಿಚಾರಿಸೋಣ. ಸುತ್ತಲಿನ ಹಳ್ಳಿಗಳಿಂದ ಬಾಲಿಕೆಯರು ಬಸ್ಸು ಹತ್ತಿ ಸಂಕೇಶ್ವರಕ್ಕೆ, ಹುಕ್ಕೇರಿಗೆ, ಗೋಕಾವಿಗೆ, ಮೂಡಲಗಿಗೆ ಓದಲು ಬರುತ್ತಾರೆ. 2023ರ ಜೂನದಲ್ಲಿ ಶಕ್ತಿ ಯೋಜನೆಯು ಆರಂಭವಾದಾಗಿನಿಂದ ಬಸ್ಸಿನ ಖರ್ಚಿನ ಅಡ್ಡಿಯೂ ತಪ್ಪಿರುವದು. ಇಂತಹ ಒಬ್ಬ ಬಾಲಿಕೆಗೆ ಬೆದರಿಕೆಯ ಸಂದೇಶ ಬಂದಿತೆಂದು ತಿಳಿಯಿರಿ. ಅವಳು ಮನೆಯಲ್ಲಿ ಹೇಳಿದರೆ ಏನಾಗುವದು? ಮೊದಲು ಮೊಬಾಯಿಲನ್ನು ಕಸಿದುಕೊಳ್ಳುವರು. ಆಮೇಲೆ ಶಾಲೆಯನ್ನು ಬಿಡಿಸುವರು. ಮನೆತನದ ಮಾನವು ಹೋಗುವ ಮೊದಲೇ ಮದುವೆ ಮಾಡಬೇಕೆಂದು ವರನನ್ನು ಹುಡುಕತೊಡಗುವರು. ತಪ್ಪು ಮಾಡಿದವನು ಮರುದಿನವೂ ಅದೇ ಬಾಕಿನ ಮೇಲೆ ಕುಳಿತು ಪಾಠ ಕೇಳುವನು. ಶಿಕ್ಷೆಯೆಲ್ಲ ಸಂಕಟವನ್ನು ಹೇಳಿಕೊಂಡವಳ ಪಾಲಿಗೆ! ಇದನ್ನು ಅವಳು ಚೆನ್ನಾಗಿ ಬಲ್ಲಳು, ಆದುದರಿಂದಲೇ ಹೇಳುವದಿಲ್ಲ. ಅವಳು ಹೇಳುವದಿಲ್ಲವೆಂಬುದನ್ನು ಬೆದರಿಸುವವನೂ ಬಲ್ಲನು. ಅವನ ಕೈಯಲ್ಲಿರುವ ನಿಜವಾದ ಆಯುಧವು ಚಿತ್ರವಲ್ಲ. ನಮ್ಮ ಮನೆಗಳ ಈ ನಡತೆಯೇ ಅವನ ಆಯುಧ. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳುವದು ನಮ್ಮಿಂದಲೇ ಆಗಬೇಕು.

ರಾಜಶಾಸನವು ಈ ವಿಷಯದಲ್ಲಿ ದುರ್ಬಲವಾಗಿಲ್ಲ, ತಿಳಿವಳಿಕೆಯೇ ದುರ್ಬಲವಾಗಿರುವದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಇ ಕಲಮಿನ ಮೇರೆಗೆ ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವದು ಮತ್ತು ಹಂಚುವದು ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. 67-ಬಿ ಕಲಮಿನ ಮೇರೆಗೆ ಮಕ್ಕಳ ಅಶ್ಲೀಲ ದೃಶ್ಯಗಳನ್ನು ಹಂಚಿದವರಿಗೆ ಮೊದಲನೆಯ ಸಲವೇ ಐದು ವರ್ಷಗಳವರೆಗೆ ಸೆರೆವಾಸವೂ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು, ಸ್ತ್ರೀಯೊಬ್ಬಳ ಅಂತರ್ಜಾಲದ ವ್ಯವಹಾರವನ್ನು ಬೆನ್ನಟ್ಟಿ ಕಾಯುವದನ್ನೂ ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿರುವದು. 77ನೆಯ ಕಲಮಿನ ವಿವರಣೆಯು ಇನ್ನೂ ಮಹತ್ವದ್ದು. ಚಿತ್ರ ತೆಗೆಯಲು ಒಪ್ಪಿದ ಮಾತ್ರಕ್ಕೆ ಅದನ್ನು ಪರರಿಗೆ ಹಂಚಲು ಒಪ್ಪಿದಂತಾಗುವದಿಲ್ಲ. ಹಾಗೆ ಹಂಚಿದರೆ ಅಪರಾಧವೇ. ‘ಅವಳೇ ಕೊಟ್ಟಳು’ ಎಂಬ ನೆವವು ಇಲ್ಲಿ ನಡೆಯದು. 2024ರ ಸೆಪ್ಟೆಂಬರ 23ರಂದು ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಇಂತಹ ದೃಶ್ಯಗಳನ್ನು ಅಳಿಸದೆ, ತಿಳಿಸಬೇಕಾದವರಿಗೆ ತಿಳಿಸದೆ, ತಮ್ಮಲ್ಲಿ ಇಟ್ಟುಕೊಳ್ಳುವದೂ ಪೋಕ್ಸೋ ಕಾಯಿದೆಯ ಮೇರೆಗೆ ಅಪರಾಧವಾಗಬಹುದೆಂದು ನಿರ್ಣಯಿಸಿತು. ಸಭಾಸದನೂ ಹೊಣೆಗಾರನೆಂಬ ನೀತಿಯನ್ನು ಶಾಸನವು ಹೀಗೆ ಒಪ್ಪಿಕೊಂಡಿರುವದು.

ಹಾಗಾದರೆ ಶಾಲೆಗಳು ಮಾಡತಕ್ಕದ್ದೇನು? ಮೊದಲನೆಯದಾಗಿ, ಕೆಡುಕು ಒದಗುವ ಮೊದಲೇ ಮಾತನಾಡಬೇಕು. ಎಂಟನೆಯ ಇಯತ್ತೆಯಿಂದಲೇ ಬಾಲಕ ಬಾಲಿಕೆಯರನ್ನು ಒಟ್ಟಿಗೆ ಕುಳ್ಳಿರಿಸಿ, ಮೇಲೆ ಹೇಳಿದ ಪ್ರಕಾರಗಳನ್ನು ಹೆಸರು ಹಿಡಿದು ತಿಳಿಸಬೇಕು. ಹೆಣ್ಣುಮಕ್ಕಳನ್ನಷ್ಟೇ ಕರೆದು ‘ಜಾಗ್ರತೆಯಿಂದಿರಿ’ ಎಂದು ಹೇಳಿ ಕಳಿಸುವದು ಸಾಲದು. ಹಾಗೆ ಮಾಡಿದರೆ ಕಳ್ಳನನ್ನು ಬಿಟ್ಟು ಮನೆಯವರಿಗೆ ಮಾತ್ರ ಬುದ್ಧಿ ಹೇಳಿದಂತಾಗುವದು. ಚಿತ್ರವೊಂದು ಗುಂಪಿನಲ್ಲಿ ಬಂದಾಗ ಮುಂದಕ್ಕೆ ಕಳಿಸಬಾರದು, ನಗಬಾರದು, ‘ಇದನ್ನು ತೆಗೆ’ ಎಂದು ಒಂದು ಮಾತು ಬರೆಯಬೇಕು, ನಂಬಿಕೆಯ ಶಿಕ್ಷಕರಿಗೆ ತಿಳಿಸಬೇಕು, ಎಂಬ ನಾಲ್ಕನ್ನು ಬಾಲಕರಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕು. ಗುಂಪಿನಲ್ಲಿ ಒಬ್ಬನೇ ವಿರೋಧಿಸುವದು ಕಠಿಣವೆಂಬುದನ್ನು ನಾನು ಬಲ್ಲೆನು. ಅಭ್ಯಾಸವಿಲ್ಲದೆ ಆ ಧೈರ್ಯ ಬಾರದು. ಅಭ್ಯಾಸ ಮಾಡಿಸುವ ಸ್ಥಾನವೇ ಶಾಲೆ.

ಎರಡನೆಯದಾಗಿ, ಪ್ರತಿಯೊಂದು ಶಾಲೆಯಲ್ಲಿಯೂ ಒಬ್ಬ ಶಿಕ್ಷಕಿಯನ್ನೂ ಒಬ್ಬ ಶಿಕ್ಷಕನನ್ನೂ ಈ ಕಾರ್ಯಕ್ಕಾಗಿ ಗೊತ್ತುಮಾಡಿ, ಅವರು ಯಾರೆಂಬುದನ್ನು ಎಲ್ಲ ಮಕ್ಕಳಿಗೂ ತಿಳಿಸಿರಬೇಕು. ಮಗುವು ಬಂದು ಹೇಳಿಕೊಂಡಾಗ ‘ನೀನೇಕೆ ಕಳಿಸಿದೆ, ನೀನೇಕೆ ಮಾತನಾಡಿದೆ’ ಎಂಬ ಪ್ರಶ್ನೆ ಅವರ ಬಾಯಿಂದ ಬರಕೂಡದು. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ, ಮುಂದಿನದನ್ನು ಕೂಡಿ ಮಾಡೋಣ’ ಎಂಬುದೇ ಮೊದಲನೆಯ ಮಾತಾಗಬೇಕು. ಈ ಒಂದು ವಾಕ್ಯದಿಂದ ಮಗುವಿನ ಪ್ರಾಣವೇ ಉಳಿದೀತು.

ಮೂರನೆಯದಾಗಿ, ಮುಂದೆ ಮಾಡುವ ಕ್ರಮವನ್ನು ಶಿಕ್ಷಕರು ಅರಿತಿರಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಕಳಿಸಿದ ಖಾತೆಯ ಹೆಸರು, ದಿನ, ವೇಳೆಗಳನ್ನು ಬರೆದಿಡಬೇಕು. ಆದರೆ ಅಶ್ಲೀಲವಾದ ಚಿತ್ರವನ್ನು ಶಿಕ್ಷಕರು ಎಷ್ಟೇ ಸದುದ್ದೇಶದಿಂದಲಾದರೂ ತಮ್ಮ ಮೊಬಾಯಿಲಿಗೆ ತರಿಸಿಕೊಳ್ಳಬಾರದು, ಇತರರಿಗೆ ತೋರಿಸಬಾರದು. ಬೆದರಿಸುವವನಿಗೆ ಹಣವನ್ನಾಗಲಿ ಇನ್ನೊಂದು ಚಿತ್ರವನ್ನಾಗಲಿ ಕೊಡಲಾಗದು. ಕೊಟ್ಟಷ್ಟೂ ಅವನ ಹಸಿವು ಹೆಚ್ಚುವದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಸೈಬರ್ ಅಪರಾಧಗಳ ಸಹಾಯವಾಣಿ 1930. ತುರ್ತು ಸಹಾಯಕ್ಕೆ 112. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಸ್ತ್ರೀಯರ ಹಾಗೂ ಮಕ್ಕಳ ಮೇಲಣ ಇಂತಹ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸಬಹುದು. ಹದಿನೆಂಟು ವರ್ಷದೊಳಗಿನವರ ನಗ್ನ ಚಿತ್ರಗಳು ಹರಡದಂತೆ ತಡೆಯಲು 2023ರಲ್ಲಿ ‘ಟೇಕ್ ಇಟ್ ಡೌನ್’ ಎಂಬ ಅಮೇರಿಕದ ಸಂಸ್ಥೆಯೊಂದರ ಉಚಿತ ಸೇವೆಯು ಆರಂಭವಾಯಿತು. ಅದರಲ್ಲಿ ಚಿತ್ರವು ಮಗುವಿನ ಮೊಬಾಯಿಲಿನಿಂದ ಹೊರಗೆ ಹೋಗುವದಿಲ್ಲ. ಚಿತ್ರದಿಂದ ಬೆರಳಚ್ಚಿನಂತಹ ಒಂದು ಗುರುತು ಮಾತ್ರ ಸಿದ್ಧವಾಗಿ ಹೋಗುವದು, ಆ ಗುರುತಿನಿಂದ ಸಹಭಾಗಿಗಳಾದ ಜಾಲಕಂಪನಿಗಳು ಚಿತ್ರವನ್ನು ಹುಡುಕಿ ತೆಗೆಯುವವು.

ನಾಲ್ಕನೆಯದಾಗಿ, ಶಾಲೆಯ ಹೆಸರು ಕೆಡುವದೆಂದು ಪ್ರಕರಣವನ್ನು ಮುಚ್ಚಿಹಾಕುವ ಪ್ರವೃತ್ತಿಯನ್ನು ಬಿಡಬೇಕು. 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮಿನ ಮೇರೆಗೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಶಾಸನವು ವಿಧಿಸಿರುವದು. ಅದೇ ಶಾಸನವು ಮಗುವನ್ನೂ ಕಾಯುವದು: ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಒಪ್ಪಿದ ಸ್ಥಳದಲ್ಲಿ, ಸಾಧ್ಯವಿದ್ದಷ್ಟು ಮಟ್ಟಿಗೆ ಸ್ತ್ರೀ ಅಧಿಕಾರಿಯು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು; ಮಗುವಿನ ಗುರುತನ್ನು ಪತ್ರಿಕೆಗಳು ಬಯಲುಮಾಡಬಾರದು. ಈ ಸಂಗತಿಗಳನ್ನು ತಿಳಿಸಿದರೆ ಪೋಲೀಸರೆಂಬ ಹೆಸರಿಗೇ ನಡುಗುವ ಪಾಲಕರ ಭಯವು ಅರ್ಧ ಇಳಿಯುವದು. ತಪ್ಪು ಮಾಡಿದ ಬಾಲಕನೂ ಮಗುವೇ ಎಂಬುದನ್ನು ಮರೆಯಬಾರದು. ಅವನಿಗೆ 2015ರ ಬಾಲನ್ಯಾಯ ಕಾಯಿದೆಯ ದಾರಿಯಿದೆ. ಅವನನ್ನು ತಿದ್ದುವದೇ ಉದ್ದೇಶ. ಆದರೆ ತಿದ್ದುವದೆಂದರೆ ಬಿಟ್ಟುಬಿಡುವದಲ್ಲ.

ಐದನೆಯದು ಪಾಲಕರಿಗೆ ಸಂಬಂಧಿಸಿದುದು. ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಕಟ್ಟಡ, ಬಿಸಿಯೂಟಗಳ ಚರ್ಚೆಯ ಜೊತೆಗೆ ವರ್ಷಕ್ಕೆರಡು ಸಲವಾದರೂ ಈ ವಿಷಯವು ಬರಬೇಕು. ಅಲ್ಲಿ ಪ್ರತಿಯೊಬ್ಬ ತಂದೆತಾಯಿಯು ತಮ್ಮ ಮಗಳ ಎದುರಿಗೆ ಒಂದು ವಚನವನ್ನು ಕೊಡಬೇಕೆಂದು ನನ್ನ ಪ್ರಾರ್ಥನೆ: ‘ಮಗಳೇ, ನಿನಗೆ ಇಂತಹ ಸಂಕಟ ಒದಗಿದರೆ ನಮ್ಮ ಮುಂದೆ ಹೇಳು, ಹೇಳಿದ ಕಾರಣಕ್ಕೆ ನಿನ್ನ ಶಾಲೆಯನ್ನು ಬಿಡಿಸುವದಿಲ್ಲ, ನಿನ್ನ ಮದುವೆಯನ್ನು ಅವಸರಪಡಿಸುವದಿಲ್ಲ.’ ಇದಕ್ಕೆ ಹಣ ಬೇಕಿಲ್ಲ, ಸರಕಾರದ ಅಪ್ಪಣೆ ಬೇಕಿಲ್ಲ. ಈ ವಚನವು ನಮ್ಮ ಹಳ್ಳಿಗಳಲ್ಲಿ ನಿಜವಾಗಿ ನಡೆದ ದಿನ, ಬೆದರಿಸುವವನ ಆಯುಧವು ತಾನಾಗಿಯೇ ಮುರಿದುಬೀಳುವದು.

ಮಠಗಳ ಮಾತನ್ನು ಆಡದೆ ಮುಗಿಸಿದರೆ ಭಾಷಣವು ಅಪೂರ್ಣವಾದೀತು. ಈ ಭಾಗದಲ್ಲಿ ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ತೆರೆದು ಬಡಮಕ್ಕಳಿಗೆ ಅನ್ನ ವಿದ್ಯೆಗಳನ್ನು ಕೊಟ್ಟ ಕೀರ್ತಿಯು ಮಠಗಳಿಗೆ ಸಲ್ಲುವದು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಅಕ್ಕಮಹಾದೇವಿಯು ಎಲ್ಲರೆದುರಿಗೆ ಕಠಿಣ ಪ್ರಶ್ನೆಗಳಿಗೆ ಉತ್ತರ ಕೊಟ್ಟಳೆಂದೂ ಆ ಸಭೆಯು ಅವಳನ್ನು ಗೌರವದಿಂದ ಬರಮಾಡಿಕೊಂಡಿತೆಂದೂ ನಮ್ಮ ಪರಂಪರೆ ಹೇಳುವದು. ಹೆಣ್ಣನ್ನು ನೋಡುವ ಸಭೆ ಬೇರೆ, ಹೆಣ್ಣಿನ ಮಾತನ್ನು ಕೇಳುವ ಸಭೆ ಬೇರೆ. ಆ ಎರಡನೆಯದರ ವಾರಸುದಾರರೆಂದು ಹೇಳಿಕೊಳ್ಳುವ ನಾವು, ಮೇಲೆ ಹೇಳಿದ ಐದು ಕಾರ್ಯಗಳನ್ನು ಮಠಗಳ ಶಾಲೆಗಳಿಂದ, ಪ್ರಸಾದನಿಲಯಗಳಿಂದಲೇ ಆರಂಭಿಸುವದು ಯೋಗ್ಯ. ಪ್ರಸಾದನಿಲಯದ ಬಾಲಕರು ರಾತ್ರಿ ಪ್ರಾರ್ಥನೆಯಾದ ಮೇಲೆ ಮೊಬಾಯಿಲಿನಲ್ಲಿ ಏನನ್ನು ನೋಡಿ ನಗುತ್ತಾರೆಂಬುದೂ ನಮ್ಮ ಧರ್ಮಶಿಕ್ಷಣದ ಒಂದು ಪರೀಕ್ಷೆಯೇ.

ಮಹಾಜನರೇ, ಉತ್ಸವದ ಸ್ಮರಣೆಗಾಗಿ ಕಲ್ಲಿನ ಮಹಾದ್ವಾರವನ್ನು ಕಟ್ಟುವದುಂಟು, ಗ್ರಂಥವನ್ನು ಅಚ್ಚುಹಾಕಿಸುವದುಂಟು. ಅವುಗಳ ಜೊತೆಗೆ ಈ ವರ್ಷ ಮುಗಿಯುವದರೊಳಗೆ ನಮ್ಮ ಪ್ರತಿಯೊಂದು ಶಾಲೆಯಲ್ಲಿ ಇಬ್ಬರು ಶಿಕ್ಷಕರ ಹೆಸರುಗಳೂ, 1098 ಹಾಗೂ 1930 ಎಂಬ ಎರಡು ಸಂಖ್ಯೆಗಳೂ ಎಲ್ಲ ಮಕ್ಕಳ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆಯಲ್ಪಡಲಿ ಎಂದು ಬೇಡಿಕೊಳ್ಳುವೆನು.